ಎರವಲು ಹೋದ ದನಿ

ಕೊಪ್ಪದ ಬಸ್ ಸ್ಟ್ಯಾಂಡಿನ ಏಜೆಂಟರು ತೀರಿಕೊಂಡ ಮರುದಿನ ಅಲ್ಲಿನ ಹೋಟೆಲಿನ ಎದುರು ಒಂದು ಕಪ್ಪು ಹಲಗೆ ಇಟ್ಟಿದ್ದರು. ಮೇಲೆ ಅವರ ಹೆಸರು, ಕೆಳಗೆ ಸೀಮೆಸುಣ್ಣದಲ್ಲಿ ‘ಖ್ಯಾತ ಮಿಮಿಕ್ರಿ ಕಲಾವಿದರು’. ಬರೆದವನ ಅಕ್ಷರ ದುಂಡಗೆ ಚೆನ್ನಾಗಿತ್ತು. ಏಜೆಂಟರು ಜೀವಮಾನದಲ್ಲಿ ಯಾರ ದನಿಯನ್ನೂ ಅನುಕರಿಸಿದವರಲ್ಲ. ಅಂಗೈಯಿಂದ ಒರೆಸಿಬಿಡೋಣ ಎಂದು ನನ್ನ ಕೈ ಮುಂದೆ ಹೋಯಿತು. ಹೋಟೆಲಿನ ಹುಡುಗ “ಎಂತ ಸಾಬ್ರೆ, ತಪ್ಪುಂಟಾ?” ಎಂದು ಕೇಳಿದ. ಅವನಿಗೆ ಹೇಳಲು ಹೊರಟರೆ ಟೀ ತಣ್ಣಗಾಗುತ್ತಿತ್ತು, ಅಷ್ಟೇ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಊರೆಲ್ಲ ಸೇರಿ ಇಷ್ಟು ಕಷ್ಟಪಟ್ಟು ಅವರನ್ನು ಇನ್ನೊಬ್ಬರ ನೆರಳು ಮಾಡಿಟ್ಟಿರುವಾಗ ನಾನೊಬ್ಬ ಹೆಸರು ಹೇಳಿ ಆಗಬೇಕಾದದ್ದೇನೂ ಇಲ್ಲ.

ನನ್ನದು ಬಸ್ ಸ್ಟ್ಯಾಂಡಿನ ಎದುರಿನ ಫೋಟೋ ಸ್ಟುಡಿಯೋ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಓಡುತ್ತಿದ್ದುದೆಲ್ಲ ಖಾಸಗಿ ಬಸ್ಸು. ಊರು ಕೂಗಿ ಜನ ಹತ್ತಿಸುವುದು, ಗಂಟುಮೂಟೆ ಮೇಲೆ ಹಾಕಿಸುವುದು, ಡ್ರೈವರನನ್ನು ಹೋಟೆಲಿನಿಂದ ಎಬ್ಬಿಸಿ ತರುವುದು ಏಜೆಂಟರ ಕೆಲಸ. ನಮ್ಮ ಏಜೆಂಟರು ಮೊಣಕೈ ಹರಿದ ಖಾಕಿ ಕೋಟು ತೊಟ್ಟು, ಕಂಕುಳಲ್ಲಿ ಕೊಡೆ ಇಟ್ಟುಕೊಂಡು, ಒಂದು ಕಿವಿಗೆ ಅಂಗೈ ಅಡ್ಡ ಹಿಡಿದು ಕೂಗುತ್ತಿದ್ದರು. ದನಿ ಚೆಂದದ್ದಲ್ಲ. ಸ್ವಲ್ಪ ಒಡಕು, ಸ್ವಲ್ಪ ಮೂಗು. ಆದರೆ ಊರಿನ ಹೆಸರಿನ ಕೊನೆಯನ್ನು ಎಳೆದು ಮೇಲಕ್ಕೆತ್ತಿ ಅಲ್ಲೇ ಬಿಟ್ಟುಬಿಡುತ್ತಿದ್ದರು. ಊರಾಚೆಯ ಬಾಳಗಡಿಯವರೆಗೆ ಕೇಳುತ್ತದೆ ಎಂದು ಜನ ಹೇಳುತ್ತಿದ್ದರು. ನಾನು ಒಮ್ಮೆ ಬಾಳಗಡಿಯಲ್ಲಿ ನಿಂತು ಕೇಳಿದ್ದೇನೆ, ಕೇಳುತ್ತಿತ್ತು.

ಸತ್ತವರನ್ನೆಲ್ಲ ದೇವರು ಮಾಡುವ ಚಾಳಿ ನನಗಿಲ್ಲ. ಏಜೆಂಟರದ್ದು ಕೆಟ್ಟ ನಾಲಿಗೆ. ಊರಿನ ಗುಟ್ಟನ್ನೆಲ್ಲ ಬಸ್ಸು ಕೂಗುವ ರಾಗದಲ್ಲೇ ಕೂಗುತ್ತಿದ್ದರು. “ನರಸಿಂಹರಾಜಪುರ, ನರಸಿಂಹರಾಜಪುರ, ಸಾಲ ಮಾಡಿದವರು ಹಿಂದಿನ ಸೀಟಿಗೆ” ಎಂದರೆ ಯಾರೋ ಒಬ್ಬರು ತಲೆ ತಗ್ಗಿಸಿಕೊಂಡು ಹಿಂದೆ ಹೋಗಿ ಕೂರುತ್ತಿದ್ದರು. ಅಡಿಕೆ ಮಂಡಿಯ ಯಜಮಾನರು ಆಗಿನ್ನೂ ಮದುವೆಯಾಗದ ತರುಣ. ಹೆಣ್ಣು ನೋಡಲು ಶೃಂಗೇರಿ ಬಸ್ಸು ಹತ್ತಿದಾಗ ಏಜೆಂಟರು, “ಶೃಂಗೇರಿ, ಶೃಂಗೇರಿ, ಗಂಡು ಹೊರಟಿದೆ, ದಾರಿ ಬಿಡಿ” ಎಂದರು. ಆ ಹೆಣ್ಣಿನ ಕಡೆಯವರು ಒಪ್ಪಲಿಲ್ಲ. ಸ್ವಲ್ಪ ದಿನ ಬಿಟ್ಟು ಯಜಮಾನರು ಹರಿಹರಪುರದ ಬಸ್ಸು ಹತ್ತಿದಾಗ, “ಹರಿಹರಪುರ, ಹರಿಹರಪುರ, ಅದೇ ಗಂಡು, ಬೇರೆ ಊರು” ಎಂದರು. ಸ್ಟ್ಯಾಂಡಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರು ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ಆಮೇಲೆ ಅವರಿಗೆ ಒಳ್ಳೆಯ ಕಡೆಯಿಂದಲೇ ಹೆಣ್ಣು ಸಿಕ್ಕಿತು, ಮಂಡಿ ಬೆಳೆಯಿತು. ಆದರೆ ಆ ಕಿಚ್ಚು ಹಾಗೇ ಉಳಿಯಿತು.

ಜಯಪುರದ ಕಡೆಯ ಒಂದು ಕಾಫಿ ತೋಟದ ಮನೆಯ ಹುಡುಗ ಸಿನಿಮಾ ಕಲಿತು ಊರಿಗೆ ಬಂದದ್ದು ಆ ಕಾಲದಲ್ಲಿ. ಗಡ್ಡ, ಹೆಗಲಿಗೆ ಬಟ್ಟೆಯ ಚೀಲ, ಮಾತೆತ್ತಿದರೆ ಕಲೆ. ಹಾಡು ಕುಣಿತವಿಲ್ಲದ ಪಿಕ್ಚರುಗಳಿಗೆ ಆಗ ಒಂದು ಮರ್ಯಾದೆ ಹುಟ್ಟಿತ್ತು. ಹುಡುಗ ನಮ್ಮ ಏಜೆಂಟರನ್ನು ಕಂಡು ಮರುಳಾದ. ಜೀವನವಿಡೀ ಬೇರೆಯವರನ್ನು ಬಸ್ಸು ಹತ್ತಿಸಿ, ತಾನು ಎಲ್ಲಿಗೂ ಹೋಗದೆ ಉಳಿದ ಒಬ್ಬ ಏಜೆಂಟನ ಕಥೆ ಬರೆದ. ನನ್ನ ಸ್ಟುಡಿಯೋದ ಬೆಂಚಿನ ಮೇಲೆ ಕೂತು ಏಜೆಂಟರು ಹೇಳುತ್ತಾ ಹೋದರು, ಅವರ ಬಾಯಿಂದ ಬಂದ ಹಾಗೆಯೇ ಹುಡುಗ ಬರೆದುಕೊಂಡ. “ಪಾರ್ಟು ನಿಮ್ಮದೇ. ಬೇರೆ ಯಾರೂ ಮಾಡ್ಲಿಕ್ಕಾಗುದಿಲ್ಲ” ಎಂದು ಅವನು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಅಂದಿನಿಂದ ಏಜೆಂಟರು ಎಲೆ ಅಡಿಕೆ ಬಿಟ್ಟರು. ಹಲ್ಲು ಕೆಂಪಗೆ ಕಂಡರೆ ತೆರೆಯ ಮೇಲೆ ಚೆನ್ನಾಗಿರುವುದಿಲ್ಲವೆಂದು ಇದ್ದಿಲಿನಲ್ಲಿ ತಿಕ್ಕಿ ತಿಕ್ಕಿ ವಸಡು ಹುಣ್ಣು ಮಾಡಿಕೊಂಡರು. ಸ್ಟುಡಿಯೋಕ್ಕೆ ಬಂದು ಎಡಗಡೆ ಒಂದು, ಬಲಗಡೆ ಒಂದು ಫೋಟೋ ತೆಗೆಸಿದರು.

“ಯಾವ ಬದಿ ಚೆನ್ನಾಗುಂಟು ಸಾಬ್ರೆ? ಸರಿಯಾಗಿ ನೋಡಿ ಹೇಳಿ.”

“ಎರಡೂ ಬೇಡ. ಹಿಂದಿನಿಂದ ತೆಗೀಲಿಕ್ಕೆ ಹೇಳಿ” ಎಂದೆ.

ಅವರು ಅದನ್ನೂ ಯೋಚನೆ ಮಾಡಿದರು. ಸ್ಟ್ಯಾಂಡಿನಲ್ಲಿ ಟಿಕೆಟ್ಟಿಗೆ ನಿಂತವರಿಗೆಲ್ಲ ತಾನು ಪಿಕ್ಚರಿನಲ್ಲಿ ಹೀರೋ ಎಂದು ಹೇಳಿಕೊಂಡರು. ಅವರ ಹೆಂಡತಿ ಸುಮ್ಮನೆ ಮೊಸರು ಮಾರಿಕೊಂಡಿದ್ದ ಹೆಂಗಸು. ಅವರೂ ಹೊಸ ಸೀರೆ ಉಟ್ಟು ಬಂದು ನನ್ನಲ್ಲಿ ಒಂದು ಫೋಟೋ ತೆಗೆಸಿದರು.

ದುಡ್ಡು ಹಾಕುವವರು ಬೇಕಿತ್ತು. ಸುತ್ತಿನ ಬೆಳೆಗಾರರು ಸೇರಿದರು, ಮುಂದಾಳು ಮಂಡಿ ಯಜಮಾನರು. ಮಂಡಿಯ ಜಗಲಿಯಲ್ಲಿ ಕಥೆ ಓದಿ ಮುಗಿದಾಗ, ನನಗೆ ಆಮೇಲೆ ತಿಳಿದ ಹಾಗೆ, ಅವರು ಚೆನ್ನಾಗಿದೆ ಎಂದು ಒಪ್ಪಿ, ಆಮೇಲೆ ಹುಡುಗನನ್ನು ಕೇಳಿದರು.

“ಪಾರ್ಟು ಯಾರು ಮಾಡುದು?”

ಹುಡುಗ ಏಜೆಂಟರ ಹೆಸರು ಹೇಳಿದ.

“ಅವನ ಮುಖ ನೋಡ್ಲಿಕ್ಕೆ ಟಿಕೆಟು ಯಾಕೆ ಮಾರಾಯ? ಸ್ಟ್ಯಾಂಡಿಗೆ ಹೋದ್ರೆ ಪುಕ್ಕಟೆ ಸಿಗ್ತದೆ. ಜನ ಕಂಡ ಮುಖ ಒಂದು ಹಾಕು, ದುಡ್ಡು ನಾನು ಹಾಕ್ತೇನೆ.”

ಎಲ್ಲರೂ ನಕ್ಕರು. ಹುಡುಗನಿಗೆ ಪಿಕ್ಚರು ಬೇಕಿತ್ತು, ಅವನು ಒಪ್ಪಿದ. ಹೀಗೆ ಮದರಾಸಿನಲ್ಲಿದ್ದ ಒಬ್ಬ ದೊಡ್ಡ ನಟನನ್ನು ಕರೆತರುವುದೆಂದು ತೀರ್ಮಾನವಾಯಿತು. ಆ ನಟ ಮೈಸೂರು ಕಡೆಯವರು. ಪ್ಯಾಂಟು ಕೋಟು ಹಾಕಿ ಸುಮಾರು ಪಿಕ್ಚರುಗಳಲ್ಲಿ ಕುಣಿದು ದಣಿದಿದ್ದರು, ಈಗ ಪ್ರಶಸ್ತಿ ಬರುವಂಥ ಒಂದು ಪಾರ್ಟು ಹುಡುಕುತ್ತಿದ್ದರು.

ಮದರಾಸಿಗೆ ಹೋದವರು ಮೂವರು: ಹುಡುಗ, ಸ್ಟಿಲ್ ಫೋಟೋ ತೆಗೆಯುವವನೆಂದು ನಾನು, ಮತ್ತು ಏಜೆಂಟರು. ಏಜೆಂಟರಿಗೆ ಹುಡುಗ ಹೇಳಿದ್ದು, ದೊಡ್ಡ ನಟರು ಬಸ್ಸಿನ ಮಾಲೀಕನ ಪಾರ್ಟು ಮಾಡುತ್ತಾರೆ, ನೀವು ಬಂದರೆ ಅವರಿಗೆ ಧೈರ್ಯ ಬರುತ್ತದೆ ಎಂದು. ಏಜೆಂಟರು ನಂಬಿದರು. ನಟರಿಗೆ ಕೊಡಲೆಂದು ಹೆಂಡತಿಯಿಂದ ಜೇನು, ಕಾಳುಮೆಣಸು ಕಟ್ಟಿಸಿಕೊಂಡು ಬಂದರು. ಬೀರೂರಿನಲ್ಲಿ ರೈಲು ಹತ್ತುವಾಗ ನಮ್ಮ ಮೂವರ ಪೆಟ್ಟಿಗೆಯನ್ನೂ ಅಭ್ಯಾಸಬಲದಿಂದ ಅವರೇ ಎತ್ತಿ ಮೇಲೆ ಹಾಕಿದರು.

ನಟರ ಮನೆಯ ಹಜಾರದಲ್ಲಿ ನಾವು ಬಹಳ ಹೊತ್ತು ಕೂತೆವು. ಕೊನೆಗೆ ಅವರು ಸ್ನಾನ ಮುಗಿಸಿ, ಗಂಧದ ವಾಸನೆಯೊಡನೆ ಬಂದರು. ಕಥೆ ಕೇಳಿದರು, ಆಕಳಿಸಿದರು. ಯಾರೋ ತಮಿಳಿನಲ್ಲಿ ಒಳಗಿನಿಂದ ಕರೆದಾಗ ಏಳಲೂ ಹೊರಟರು. ಹುಡುಗನಿಗೆ ಗಾಬರಿಯಾಯಿತು.

“ಸಾರ್, ಈ ಏಜೆಂಟ್ರು ಹೇಗೆ ಕೂಗ್ತಾರೆ ಅಂತ ಒಂದು ಸಲ ಕೇಳಿ” ಎಂದ.

ಏಜೆಂಟರು ಎದ್ದರು. ಆ ಹಜಾರದಲ್ಲಿ, ಸೋಫಾಗಳ ನಡುವೆ, ಕಿವಿಗೆ ಅಂಗೈ ಹಿಡಿದು ಜಯಪುರ ಕೂಗಿದರು, ಹರಿಹರಪುರ ಕೂಗಿದರು. ಬಸ್ಸು ತಪ್ಪಿದ ಮುದುಕಿಯನ್ನು ಬೈದು ಆಮೇಲೆ ಸಮಾಧಾನ ಮಾಡುವ ದೃಶ್ಯವನ್ನು ಪೂರ್ತಿ ಆಡಿ ತೋರಿಸಿದರು. ಒಳಗಿನಿಂದ ಅಡುಗೆಯವರೂ ಬಂದು ಬಾಗಿಲಲ್ಲಿ ನಿಂತರು. ಮಾತು ತಿಳಿಯದವರೂ ಕಣ್ಣು ಒರೆಸಿಕೊಂಡರು. ನಟರು ಸೋಫಾದ ತುದಿಗೆ ಬಂದು ಕೂತಿದ್ದರು. ನಾನು ಕೇಳಿದ ಮಟ್ಟಿಗೆ ಏಜೆಂಟರು ಅಷ್ಟು ಚೆನ್ನಾಗಿ ಯಾವತ್ತೂ ಕೂಗಿರಲಿಲ್ಲ.

“ಈ ಪಾರ್ಟು ನಾನು ಬಿಡೋದಿಲ್ಲ ಕಣ್ರೀ” ಎಂದರು ನಟರು. “ಇವರನ್ನ ಶೂಟಿಂಗ್ ಪೂರ್ತಿ ನನ್ನ ಜೊತೇಲಿ ಇಡಿ.”

ಏಜೆಂಟರು ಸಂತೋಷದಿಂದ ಕೈ ಮುಗಿದರು. ಅವರಿಗೆ ಅರ್ಥವಾಗಿರಲಿಲ್ಲ. ಸ್ಟೇಷನ್ನಿನ ಪಕ್ಕದ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಹುಡುಗ ತಟ್ಟೆ ನೋಡುತ್ತಾ ವಿಷಯ ಬಿಡಿಸಿ ಹೇಳಿದ. “ಅವರು ಒಪ್ಪಿದ್ದೇ ನಿಮ್ಮಿಂದ ಏಜೆಂಟ್ರೆ” ಎಂದೂ ಸೇರಿಸಿದ, ಅದೊಂದು ಉಪಕಾರ ಎಂಬಂತೆ. ಏಜೆಂಟರು ಇಡ್ಲಿ ಪೂರ್ತಿ ತಿಂದು ಮುಗಿಸಿ ಕೈ ತೊಳೆದು ಬಂದರು. “ಮನೇಲಿ ಎಂತ ಹೇಳುದು?” ಎಂದು ಕೇಳಿದ್ದು ನನ್ನನ್ನು. ನನಗೆ ಆ ಹುಡುಗನ ಗಡ್ಡ ಹಿಡಿದು ಎಳೆಯಬೇಕೆನ್ನಿಸಿತ್ತು.

ಕೊಪ್ಪಕ್ಕೆ ಬಂದ ಮೇಲೆ ಎಲೆ ಅಡಿಕೆ ಮತ್ತೆ ಶುರುವಾಯಿತು. ಶೂಟಿಂಗು ನಡೆದಷ್ಟು ದಿನ ನಟರ ಪಕ್ಕ ಕೊಡೆ ಹಿಡಿದು ನಿಲ್ಲುವುದು ಏಜೆಂಟರ ಕೆಲಸ. ದರ್ಜಿ ಹೊಲಿದ ಖಾಕಿ ಕೋಟು ತೀರಾ ಹೊಸದಾಗಿ ಕಂಡಿತೆಂದು ಏಜೆಂಟರ ಮೈಮೇಲಿದ್ದುದನ್ನೇ ಬಿಚ್ಚಿಸಿ ನಟರಿಗೆ ತೊಡಿಸಿದರು. ನಟರು ಮೂಗಿಗೆ ಕರ್ಚೀಫು ಹಿಡಿದು ತೊಟ್ಟುಕೊಂಡರು. ಏಜೆಂಟರಿಗೂ ಒಂದು ಶಾಟ್ ಕೊಟ್ಟರು. ಪ್ರಯಾಣಿಕನಾಗಿ ಬಂದು, “ಹರಿಹರಪುರಕ್ಕೆ ಬಸ್ಸುಂಟಾ?” ಎಂದು ಕೇಳುವುದು. ಅವರ ಕೋಟು ತೊಟ್ಟವನಲ್ಲಿ, ಅವರದೇ ಸ್ಟ್ಯಾಂಡಿನಲ್ಲಿ ನಿಂತು ಅವರು ಕೇಳಿದರು. ಯಜಮಾನರು ಅವತ್ತು ಮಂಡಿ ಬಿಟ್ಟು ಬಂದು ಕುರ್ಚಿ ಹಾಕಿಸಿಕೊಂಡು ನೋಡಿದರು. ಶಾಟ್ ಮುಗಿದ ಮೇಲೆ ಇನ್ನೊಂದು ಸಲ ತೆಗೆಯಿರಿ ಎಂದೂ ಹೇಳಿದರು.

ನಟರ ನಡಿಗೆ ಕೂತಿತು, ಕೈ ಕೂತಿತು, ಬಾಯಿ ಮಾತ್ರ ಕೂರಲಿಲ್ಲ. ನಮ್ಮ ಕಡೆಯ ಮಾತು ಅವರ ಬಾಯಲ್ಲಿ ಬೊಂಬೆಯಾಟದ ಮಾತಿನ ಹಾಗೆ ಕೇಳುತ್ತಿತ್ತು. ಪಿಕ್ಚರಿಗೆ ದನಿ ಸೇರಿಸುವ ಕೆಲಸ ಮದರಾಸಿನ ಸ್ಟುಡಿಯೋದಲ್ಲಿ. ಅಲ್ಲಿ ನಟರು ದಿನವಿಡೀ ಒದ್ದಾಡಿದರೂ ಆಗದೆ ಏಜೆಂಟರಿಗೆ ತಂತಿ ಬಂತು. ಜೊತೆಗೆ ನಾನು ಹೋದೆ. ಕತ್ತಲೆ ಕೋಣೆಯಲ್ಲಿ ಒಂದೇ ತುಂಡು ಫಿಲಂ ತಿರುಗಿ ತಿರುಗಿ ತೆರೆಗೆ ಬರುವುದು, ನಟರ ತುಟಿ ಅಲ್ಲಾಡಿದ ಹಾಗೆ ಏಜೆಂಟರು ಮೈಕಿನಲ್ಲಿ ಮಾತಾಡುವುದು. ಏಜೆಂಟರು ಹೇಳಿಕೊಟ್ಟದ್ದನ್ನು ನಟರು ತಪ್ಪಾಗಿ ಹೇಳಿದ್ದರು, ಆ ತಪ್ಪು ತುಟಿಗೆ ಸರಿಯಾಗಿ ತನ್ನ ಮಾತನ್ನು ಇವರು ಕತ್ತರಿಸಿ ಕೂರಿಸಬೇಕಾಯಿತು. ಎಳೆತವನ್ನು ನಟರ ತುಟಿ ಮುಚ್ಚಿದಲ್ಲೇ ನಿಲ್ಲಿಸುವುದನ್ನೂ ಏಜೆಂಟರು ಕಲಿತರು. ಏಜೆಂಟರ ಆ ಒಂದು ಶಾಟ್ ಬಂದಾಗ ಮಾತ್ರ ಅವರನ್ನು ಹೊರಗೆ ಕಳಿಸಿದರು. ಒಂದೇ ದನಿ ಎರಡು ಕಡೆ ಬಂದರೆ ಗೊತ್ತಾಗುತ್ತದೆಂದು ಅವರ ಮುಖಕ್ಕೆ ಮದರಾಸಿನ ಯಾವನೋ ದನಿ ಕೊಟ್ಟ.

ಕೆಲಸ ಮುಗಿದಾಗ ನಟರು ಒಂದು ಷರತ್ತು ಹಾಕಿದರು. ದನಿ ತನ್ನದಲ್ಲವೆಂದು ಗೊತ್ತಾದರೆ ಪ್ರಶಸ್ತಿ ಬರುವುದಿಲ್ಲ, ಆದ್ದರಿಂದ ತಾನು ಬದುಕಿರುವ ತನಕ ಯಾರಿಗೂ ಹೇಳಕೂಡದು. ದುಡ್ಡು ಹಾಕಿದವರೆಂದು ಯಜಮಾನರೂ ಅಲ್ಲಿಗೆ ಬಂದಿದ್ದರು. ಏಜೆಂಟರನ್ನು ಕಟ್ಟಿಹಾಕುವ ದಾರಿ ಅವರಿಗೆ ಗೊತ್ತಿತ್ತು. ನಮ್ಮ ಕಡೆ ಎಲೆ ಅಡಿಕೆ ಕೈಯಲ್ಲಿ ಹಿಡಿದು ಕೊಟ್ಟ ಮಾತನ್ನು ಮುರಿಯುವುದಿಲ್ಲ. ಜಮೀನು ಹೋದರೂ ಮುರಿಯದವರನ್ನು ನಾನು ನೋಡಿದ್ದೇನೆ. ಯಜಮಾನರು ಜೇಬಿನಿಂದಲೇ ಎಲೆ ಅಡಿಕೆ ತೆಗೆದು ಏಜೆಂಟರ ಅಂಗೈಯಲ್ಲಿಟ್ಟರು.

ಏಜೆಂಟರು ಅದನ್ನೇ ನೋಡಿ, “ಅವರಿಗಿಂತ ಮೊದ್ಲು ನಾನು ಹೋದ್ರೆ ಎಂತ ಮಾಡುದು?” ಎಂದು ಕೇಳಿದರು.

“ಹೋದ ಮೇಲೆ ಹೇಳಿಕೊಳ್ಳಿ, ಯಾರು ಬೇಡ ಅಂತಾರೆ?” ಎಂದು ನಟರು ನಕ್ಕರು. ಏಜೆಂಟರು ಮಾತು ಕೊಟ್ಟರು. ಮದರಾಸಿನವರೆಗೆ ಕರೆಸಿಕೊಂಡದ್ದು ತನ್ನ ದನಿಯನ್ನಲ್ಲವೇ ಎಂಬ ಹೆಮ್ಮೆ ಅವರ ತಲೆಗೇರಿತ್ತು ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಪ್ರಶಸ್ತಿ ಬಂತು, ಅದೂ ಆ ಸಹಜವಾದ ಮಾತಿಗೆ. ಪಿಕ್ಚರು ಕೊಪ್ಪದ ಟೆಂಟಿಗೆ ಬಂದಾಗ ಊರಿಗೆ ಊರೇ ಹೋಯಿತು. ಮೊದಲ ಸಲ ನಟರು ಬಾಯಿ ತೆರೆದಾಗ ಜನ ಹೋ ಎಂದರು. “ಥೇಟ್ ನಮ್ಮ ಏಜೆಂಟ್ರ ಹಾಗೇ ಮಾತಾಡ್ತಾನೆ ಮಾರಾಯ, ಎಂಥಾ ನಟ.” ನನ್ನ ಪಕ್ಕ ಏಜೆಂಟರು ಬೆವೆತುಕೊಂಡು ಕೂತಿದ್ದರು. ತನ್ನ ದನಿ ಎಂದು ಒಬ್ಬನಿಗಾದರೂ ಹೊಳೆಯಬಹುದೆಂದು ಕತ್ತಲಲ್ಲಿ ಹಿಂದೆ ತಿರುಗಿ ತಿರುಗಿ ನೋಡಿದರು. ಯಾರಿಗೂ ಹೊಳೆಯಲಿಲ್ಲ.

ಆಮೇಲೆ ನಡೆದದ್ದು ನಿಧಾನವಾಗಿ ನಡೆಯಿತು. ಪಿಕ್ಚರಿಗೆ ಮೊದಲೇ ಅವರನ್ನು ಕೇಳಿದ್ದವರು ಕಡಿಮೆಯಾದರು. ಪಿಕ್ಚರು ನೋಡಿ ಆಮೇಲೆ ಅವರನ್ನು ಕೇಳಿದವರು ಹೆಚ್ಚಾದರು. ಕಾಲೇಜಿನ ಹುಡುಗರು ಬಸ್ಸಿನ ಕಿಟಕಿಯಿಂದ ತಲೆ ಹಾಕಿ, “ಏಜೆಂಟ್ರೆ, ಆ್ಯಕ್ಟಿಂಗ್ ಸಾಕು” ಎನ್ನತೊಡಗಿದರು. ಬಸ್ಸನ್ನು ಹೊಸದಾಗಿ ಕೊಂಡುಕೊಂಡ ಮಾಲೀಕನೊಬ್ಬ ಎಲ್ಲರ ಎದುರು, “ಪಿಕ್ಚರಿನವರ ಹಾಗೆ ಎಳೀಬೇಡ ಮಾರಾಯ. ದೇವರು ನಿನಗೂ ಒಂದು ದನಿ ಕೊಟ್ಟಿರ್ಬೇಕಲ್ಲ, ಅದ್ರಲ್ಲಿ ಕೂಗು” ಎಂದ. ಏಜೆಂಟರು ಅದನ್ನೂ ಮಾಡಿ ನೋಡಿದರು. ಒಂದು ದಿನವಿಡೀ ಗಂಟಲು ಬಿಗಿ ಹಿಡಿದು, ಎಳೆಯದೆ, ತುಂಡು ತುಂಡಾಗಿ ಕೂಗಿದರು. ಹರಿಹರಪುರದ ಕಣ್ಣು ಕಾಣದ ಮುದುಕಿಯೊಬ್ಬರು ಅವರ ದನಿಗಾಗಿ ಕಾದು ಕೂತೇ ಬಸ್ಸು ತಪ್ಪಿಸಿಕೊಂಡರು. “ಏಜೆಂಟ ಸತ್ತನಾ?” ಎಂದು ಆ ಅಜ್ಜಿ ಕೇಳಿದರಂತೆ. ಮರುದಿನದಿಂದ ಏಜೆಂಟರು ಮೊದಲಿನ ಹಾಗೇ ಕೂಗಿದರು, ಹುಡುಗರು ನಕ್ಕರು.

ಶಾಲೆಯ ವಾರ್ಷಿಕೋತ್ಸವಗಳಲ್ಲಿ, ಕ್ಲಬ್ಬುಗಳಲ್ಲಿ ಅವರನ್ನು ಕರೆಯುತ್ತಿದ್ದರು. ಮೈಕಿನಲ್ಲಿ ಘೋಷಣೆ ಮಾಡುತ್ತಿದ್ದುದು, “ಖ್ಯಾತ ನಟರ ದನಿಯಲ್ಲಿ ನಮ್ಮ ಏಜೆಂಟರು” ಎಂದು. ಅವರು ಹೋಗುತ್ತಿದ್ದರು. ಯಾಕೆ ಹೋಗುತ್ತೀರಿ ಎಂದು ನಾನು ರೇಗಿದರೆ, “ದನಿ ಕೇಳ್ತಾರಲ್ಲ ಸಾಬ್ರೆ” ಎನ್ನುತ್ತಿದ್ದರು. ಅವರ ಹಳೆಯ ನಾಲಿಗೆ ಸತ್ತುಹೋಯಿತು. ಯಾರ ಗುಟ್ಟನ್ನೂ ಕೂಗುತ್ತಿರಲಿಲ್ಲ. ಒಂದು ಬಿರುನುಡಿ ಆಡಿದರೂ ಜನ ಅದು ಯಾವ ಸೀನಿನದು ಎಂದು ಕೇಳುತ್ತಿದ್ದರು.

ಒಂದೇ ಆಸೆ ಉಳಿದಿತ್ತು. ಅದು ಹೇಳಿಕೊಳ್ಳುವಂಥದ್ದಲ್ಲ. ನಟರಿಗಿಂತ ಒಂದು ದಿನವಾದರೂ ಹೆಚ್ಚು ಬದುಕಬೇಕು. ಪೇಪರು ಬಂದ ಕೂಡಲೇ ಸ್ಟುಡಿಯೋಕ್ಕೆ ಬಂದು ಸಿನಿಮಾ ಪುಟ ತೆಗೆಯುತ್ತಿದ್ದರು. ನಟರಿಗೆ ಎದೆನೋವು ಎಂದು ಸುದ್ದಿ ಬಂದ ದಿನ ನನಗೆ ಟೀ ಕೊಡಿಸಿದರು. ಗುಣವಾಗಿ ಮನೆಗೆ ಬಂದರು ಎಂದು ಓದಿದಾಗ ಪೇಪರು ಮಡಚಿಟ್ಟು, “ದೊಡ್ಡ ಡಾಕ್ಟರುಗಳು, ಬಿಡುದಿಲ್ಲ” ಎಂದು ಹೊರಟುಹೋದರು. ಮನುಷ್ಯ ಸಾಯಲಿ ಎಂದು ಕಾಯುವವರ ಮುಖ ಹೇಗಿರುತ್ತದೆಂದು ನಾನು ಹತ್ತಿರದಿಂದ ನೋಡಿದ್ದೇನೆ. ಅವರ ಮೇಲೆ ನನಗೆ ಅಸಹ್ಯವೂ ಬಂದಿದೆ.

ಎಂಬತ್ತರ ದಶಕದಲ್ಲಿ ಒಂದು ದಿನ ನಟರು ನಿಜಕ್ಕೂ ತೀರಿಕೊಂಡರು. ಬೆಳಿಗ್ಗೆ ರೇಡಿಯೋದಲ್ಲಿ ಕೇಳಿ ಏಜೆಂಟರು ನೇರ ನನ್ನಲ್ಲಿಗೆ ಬಂದರು. ಕಣ್ಣು ಮಿನುಗುತ್ತಿತ್ತು.

“ನನ್ನ ಕೈಯಿಂದ ಎಲೆ ಅಡಿಕೆ ಇಳೀತು ಸಾಬ್ರೆ. ಇನ್ನು ಹೇಳಬಹುದಲ್ಲ?”

“ಹೇಳಿ. ನಾನಿದ್ದೇನೆ, ಬೇಕಾದ್ರೆ ಎದ್ದು ಸಾಕ್ಷಿ ಹೇಳ್ತೇನೆ” ಎಂದೆ.

ಬಾಳಗಡಿಯ ಒಂದು ಸಭಾಂಗಣದಲ್ಲಿ ಅಂದೇ ಮಧ್ಯಾಹ್ನ ಶ್ರದ್ಧಾಂಜಲಿ ಸಭೆ ಇಟ್ಟರು, ಅಧ್ಯಕ್ಷರು ಮಂಡಿ ಯಜಮಾನರು. ವೇದಿಕೆಯ ಮೇಲೆ ನಾನೇ ದೊಡ್ಡದು ಮಾಡಿಕೊಟ್ಟಿದ್ದ ಫೋಟೋ: ಖಾಕಿ ಕೋಟಿನಲ್ಲಿ ನಟರು, ಕಿವಿಗೆ ಅಂಗೈ. ಪಿಕ್ಚರು ಮಾಡಿದ ಹುಡುಗ ಆಗಲೇ ಬೊಂಬಾಯಿ ಸೇರಿದ್ದ. ಭಾಷಣಗಳೆಲ್ಲ ನಟರು ನಮ್ಮ ನೆಲದ ಮಾತನ್ನು ಹೇಗೆ ಮೈಗೂಡಿಸಿಕೊಂಡಿದ್ದರು ಎಂಬ ಬಗ್ಗೆಯೇ ಇದ್ದವು. ಕೊನೆಗೆ ಏಜೆಂಟರನ್ನು ಕರೆದರು. ಅವರು ಒಗೆದ ಶರಟು ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿ ಬಂದಿದ್ದರು. ಹೆಂಡತಿಯನ್ನೂ ಕರೆತಂದು ಹೆಂಗಸರ ಸಾಲಿನಲ್ಲಿ ಕೂರಿಸಿದ್ದರು.

“ಆ ಪಿಕ್ಚರಿನಲ್ಲಿ ಮುಖ ಮಾತ್ರ ಅವರದ್ದು” ಎಂದರು ಏಜೆಂಟರು. “ದನಿ ಅವರದ್ದಲ್ಲ, ನನ್ನದು. ಮದರಾಸಿಗೆ ಕರೆಸಿ ನನ್ನಿಂದ ಮಾತಾಡಿಸಿದ್ರು. ಅವರಿರುವ ತನಕ ಹೇಳುದಿಲ್ಲ ಅಂತ ಮಾತು ಕೊಟ್ಟಿದ್ದೆ. ಇವತ್ತಿಗೆ ಮುಗೀತು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಹೆಣ ಸುಟ್ಟು ಬೂದಿ ಆಗ್ಲಿಲ್ಲ, ಇವನಿಗೆ ಹೆಸರು ಬೇಕಂತೆ” ಎಂದು ಇನ್ನೊಬ್ಬರು. ನಾನು ಎದ್ದು ನಿಂತು ನಡೆದದ್ದು ಹೇಳಿದೆ, ಮದರಾಸಿನ ಕೋಣೆಯಲ್ಲಿ ನಾನು ಇದ್ದೆ ಎಂದೆ, ಯಜಮಾನರೂ ಇದ್ದರು, ಅವರನ್ನೇ ಕೇಳಿ ಎಂದೆ. ಎಲ್ಲರೂ ಯಜಮಾನರ ಕಡೆ ನೋಡಿದರು. ಅವರು ಆತುರಪಡಲಿಲ್ಲ. ಫೋಟೋದ ಹಾರ ಒಂದು ಬದಿಗೆ ಜಾರಿದ್ದನ್ನು ಸರಿಮಾಡಿ ಮೈಕಿನ ಹತ್ತಿರ ಬಂದರು.

“ಸಾಬ್ರೆ, ಕೂತ್ಕೊಳ್ಳಿ. ನಿಮ್ಮ ಸ್ನೇಹ ನಮಗೂ ಗೊತ್ತುಂಟು. ಪಾಪ, ಅವರನ್ನು ಅನುಕರಣೆ ಮಾಡಿ ಮಾಡಿ ಏಜೆಂಟ್ರಿಗೆ ಅವರೇ ತಾನು ಅಂತ ಆಗಿಬಿಟ್ಟಿದೆ. ದುಃಖ ಇರ್ತದೆ, ಯಾರೂ ನಗಬೇಡಿ.” ಏಜೆಂಟರ ಬೆನ್ನ ಮೇಲೆ ಕೈಯಿಟ್ಟರು. “ಅದೆಲ್ಲ ಇರ್ಲಿ ಏಜೆಂಟ್ರೆ. ಜನ ಕಾಯ್ತಾ ಇದ್ದಾರೆ. ಪಿಕ್ಚರಿನ ಕಡೇ ಬಸ್ಸಿನ ಆ ಸೀನು ಒಂದು ಅವರ ಹಾಗೇ ಹೇಳಿಬಿಡಿ. ಅವರಿಗೂ ಶಾಂತಿ ಸಿಗ್ತದೆ.”

ಏಜೆಂಟರು ಹೆಂಗಸರ ಸಾಲಿನ ಕಡೆ ನೋಡಿದರು. ಹೆಂಡತಿ ಸೆರಗು ಬಾಯಿಗೆ ಹಿಡಿದು ತಲೆ ತಗ್ಗಿಸಿದ್ದರು. ನಾನು ಇಳಿದು ಬನ್ನಿ ಎಂದು ಕೈಸನ್ನೆ ಮಾಡಿದೆ. ಅವರು ಇಳಿಯಲಿಲ್ಲ. ಕಿವಿಗೆ ಅಂಗೈ ಹಿಡಿದರು, ಹೇಳಿದರು. ಪೂರ್ತಿ ಸೀನು, ಒಂದು ಮಾತೂ ಬಿಡದೆ. ಈ ಸಲ ಎಳೆತ ನಟರ ತುಟಿ ಮುಚ್ಚಿದಲ್ಲೇ ನಿಂತಿತು, ಡಬ್ಬಿಂಗಿನಲ್ಲಿ ಕೂರಿಸಿದ್ದ ಹಾಗೆ. ಹೆಂಗಸರು ಅತ್ತರು. ನಕ್ಕಿದ್ದವರೂ ಮೂಗು ಒರೆಸಿಕೊಂಡರು. ನನ್ನ ಪಕ್ಕದವರು, “ಅವರೇ ಎದ್ದು ಬಂದ ಹಾಗಾಯ್ತು” ಎಂದರು.

ವೇದಿಕೆಯ ಮೆಟ್ಟಿಲಲ್ಲಿ ಯಜಮಾನರು ಅವರ ಹೆಗಲಿಗೆ ಒಂದು ಶಾಲು ಹಾಕಿದರು. “ಏನೂ ವ್ಯತ್ಯಾಸ ಇಲ್ಲ ಏಜೆಂಟ್ರೆ. ಅವರು ಹೇಳಿದ ಹಾಗೇ ಇತ್ತು.”

ಏಜೆಂಟರು ಎರಡೂ ಕೈ ಮುಗಿದರು. “ಇಲ್ಲ ಯಜಮಾನ್ರೆ. ಅವರಷ್ಟು ಚೆನ್ನಾಗಿ ನನಗೆ ಬರುದಿಲ್ಲ.”

ನಾನು ಮೆಟ್ಟಿಲ ಕೆಳಗೇ ಇದ್ದೆ. ಮುಖ ನೋಡುವುದೇ ನನ್ನ ಕಸುಬು. ಏಜೆಂಟರು ಅದನ್ನು ಚುಚ್ಚಲು ಹೇಳಲಿಲ್ಲ, ನಂಬಿಯೇ ಹೇಳಿದರು.